ಮಿಸುಕದ ನವಿಲು

ನನ್ನ ಕಣ್ಣೆದುರು ಒಂದು ಸೊಟ್ಟ ನವಿಲೂ ಈ ಮನೆಯ ಹೊಸಿಲು ದಾಟುವುದಿಲ್ಲ ಎಂದು ನಾನು ಶಪಥ ಮಾಡಿದ್ದು, ಆ ತಿರುಗುವ ಡಬ್ಬಿಯನ್ನು ಮೊದಲು ಕಂಡ ದಿನವೇ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ನವಿಲು ಬುಟ್ಟಾ ಎತ್ತಿದ ಕೈ ಇದು. ನಮ್ಮವರು ಹೋದ ಮೇಲೂ ಮಗ್ಗ ಇಳಿದವಳಲ್ಲ. ಒಂದು ನವಿಲಿಗೂ ಇನ್ನೊಂದಕ್ಕೂ ಎಳೆಯಷ್ಟು ವ್ಯತ್ಯಾಸ ಬಂದರೆ ಸಾಹುಕಾರರು ಸೀರೆಯನ್ನೇ ಎಸೆಯುತ್ತಿದ್ದರು. ನನ್ನ ಸೀರೆ ಎಂದೂ ಹಾರಲಿಲ್ಲ.

ಡಬ್ಬಿ ನನ್ನ ಸೊಸೆ ಶೃತಿಯದು. ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಚಳ್ಳಕೆರೆಯ ಪಾಠೋಪಕರಣ ಪ್ರದರ್ಶನಕ್ಕೆಂದು ಮಾಡಿದ್ದಳು. ಅಲ್ಲಿ ಗೆದ್ದರೆ ಚಿತ್ರದುರ್ಗಕ್ಕೆ. ಸುತ್ತ ಸೀಳು ಬಿಟ್ಟ ಕರಿ ರಟ್ಟಿನ ಡಬ್ಬಿ, ಒಳಗೆ ನವಿಲುಗಳ ಸಾಲು ಬರೆದ ಕಾಗದದ ಪಟ್ಟಿ.

"ಸಿನಿಮಾ ಹುಟ್ಟೋಕೂ ಮೊದ್ಲು ಜನ ಇಂಥದ್ರಲ್ಲೇ ಚಿತ್ರ ಕುಣಿಸಿ ನೋಡ್ತಿದ್ರು ಅತ್ತೆ," ಎಂದಳು.

ಪಟ್ಟಿ ನೋಡಿದೆ. ಒಂದು ನವಿಲು ಕಾಲೆತ್ತಿದೆ, ಇನ್ನೊಂದು ಕತ್ತು ಬಗ್ಗಿಸಿದೆ, ಮತ್ತೊಂದರ ಗರಿ ಅರ್ಧ ಬಿಚ್ಚಿದೆ. ಮನೆತನದ ಮಾನ ಹೋಯಿತು ಎಂದುಕೊಂಡೆ. ಅವಳು ಡಬ್ಬಿಯನ್ನು ಚೀಲಕ್ಕಿಳಿಸಿ, ಮನೆಯಲ್ಲೇ ಇಟ್ಟು ಶಾಲೆಗೆ ಹೋದ ಕೂಡಲೇ ಹಳೆಯದರ ಅಳತೆಗೇ ಹೊಸ ಪಟ್ಟಿ ಕತ್ತರಿಸಿದೆ. ಕನ್ನಡಕ ಏರಿಸಿ, ಅಚ್ಚು ಹೊಡೆದಂತೆ ನವಿಲು ಬರೆದು ಒಳಗಿಟ್ಟೆ. ಹಳೆಯದು ಒಲೆ ಸೇರಿತು.

ಪ್ರದರ್ಶನಕ್ಕೆ ನಾನೂ ಬಸ್ ಹತ್ತಿದೆ, ಹೊಗಳಿಕೆ ಕೇಳಬೇಕಲ್ಲ. ತೀರ್ಪು ಕೊಡುವ ಮೇಷ್ಟ್ರು ಸೀಳಿಗೆ ಕಣ್ಣಿಟ್ಟರು. ಶೃತಿ ಗಿರ್ರನೆ ತಿರುಗಿಸಿದಳು. ನವಿಲು ಫೋಟೊಗೆ ನಿಂತ ಮದುಮಗನಂತೆ ನಿಂತೇ ಇತ್ತು.

"ಏನಮ್ಮಾ, ಡಬ್ಬಿ ತಿರುಗ್ತೈತೆ, ನವಿಲು ಮಾತ್ರ ನಿಂತೈತೆ?"

ಶೃತಿ ಪಟ್ಟಿ ಎಳೆದು ನೋಡಿದಳು. ಮುಖ ಬಿಳಚಿಕೊಂಡಿತು. "ಅತ್ತೆ, ಒಂದಕ್ಕಿಂತ ಒಂದು ಸ್ವಲ್ಪ ಬೇರೆ ಇದ್ರೇನೇ ಕುಣಿಯೋದು. ಇದೇನ್ ಮಾಡಿದ್ರಿ?"

"ಸೊಟ್ಟಗಿದ್ವು ಕಣೆ, ನೆಟ್ಟಗೆ ಮಾಡ್ದೆ."

ಮೇಷ್ಟ್ರು ನಕ್ಕರು. "ಮಿಕ್ಕಿದ್ದು ನೋಡ್ಕೊಂಡು ಬರ್ತೀನಿ. ಅಷ್ಟರಲ್ಲಿ ಕುಣಿದ್ರೆ ಕುಣೀಲಿ."

ಶೃತಿ ಪೆನ್ಸಿಲ್ ತೆಗೆದಳು. ನಾನು ಅದನ್ನು ಕಸಿದುಕೊಂಡು ನೆಲಕ್ಕೆ ಕುಳಿತೆ. "ಕೊಡು ಕಾಗದ. ಕುಣಿಸದೆ ಏಳಲ್ಲ."

ಬರೆದೆ. ಎರಡನೆಯದು ಮೊದಲನೆಯದರಂತೆ. ಮೂರನೆಯದೂ ಹಾಗೇ.

"ಬೇರೆ ಥರ ಬರೀರಿ ಅತ್ತೆ."

"ಬರೀತಾನೇ ಇದೀನಿ. ಈ ಕೈ ಕೇಳ್ಬೇಕಲ್ಲ."

ಕೊನೆಗೆ ಸಿಟ್ಟು ಬಂದು ಕನ್ನಡಕ ಕಿತ್ತು ಸೆರಗಿಗೆ ಗಂಟು ಹಾಕಿದೆ. ಮಂಜಿನಲ್ಲಿ ಕೈಯಾಡಿಸಿದಂತೆ ಅಂದಾಜಿನ ಮೇಲೆ ಎಳೆದೆ. ಒಂದಕ್ಕೆ ಹೊಟ್ಟೆ ಬಂತು, ಒಂದಕ್ಕೆ ಒಂಟೆಯ ಕತ್ತು, ಒಂದರ ಕಾಲು ಪಕ್ಕದ್ದರ ಗರಿ ತುಳಿಯಿತು.

ಮೇಷ್ಟ್ರು ಬಂದು ತಿರುಗಿಸಿದರು. ನವಿಲು ಚೇಳು ಕಡಿದಂತೆ ಎಗರಿತು, ಕತ್ತು ಚಾಚಿತು, ಗರಿ ಒದರಿತು. ಅವರು ಮೇಜು ಹಿಡಿದು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಶೃತಿಯ ಹೆಸರು ಬರೆದುಕೊಂಡರು.

ವಾಪಸ್ ಬಸ್ಸಿನಲ್ಲಿ ನಾನು ಗೆದ್ದ ರಾಣಿಯ ಗತ್ತಿನಲ್ಲಿ ಕುಳಿತಿದ್ದೆ. ಶೃತಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಬಹಳ ವಿನಯದಿಂದ ಕೇಳಿದಳು:

"ಅತ್ತೆ, ಚಿತ್ರದುರ್ಗಕ್ಕೂ ಬರ್ತೀರಲ್ಲ? ಕನ್ನಡಕ ಮಾತ್ರ ಮನೇಲಿ ಬಿಟ್ಟು ಬರ್ತೀರಾ?"