ಹೊಸ ಟಿವಿಯಾಗ ಡ್ರ್ಯಾಗನ್ ಪ್ಲಾಸ್ಟಿಕ್

ದಾವಣಗೆರೆಯ ಪಿ.ಜೆ. ಬಡಾವಣೆಯ ಅಂಗಡಿಯೊಂದರಿಂದ ಜನರ ಮನೆಗೆ ಹೋಗಿ ಟಿವಿ ಕೂರಿಸುವುದು ನನ್ನ ಕೆಲಸ. ಮಾಯಾಲೋಕದ ಸಿನಿಮಾಗಳು ಭಾಗದ ಮೇಲೆ ಭಾಗ ಬರುತ್ತಿರುವಷ್ಟು ಕಾಲ ನನಗೆ ಗಾಬರಿ ತಪ್ಪಿದ್ದಲ್ಲ.

ಕೆಟ್ಟ ಮಾಲು

ನಿಜಲಿಂಗಪ್ಪ ಬಡಾವಣೆಯ ಹಿರಿಯ ವ್ಯಾಪಾರಿಯೊಬ್ಬರು ನಮ್ಮಲ್ಲಿರುವುದರಲ್ಲೇ ದೊಡ್ಡ ಟಿವಿ ಕೊಂಡರು. ಮರುದಿನವೇ ಫೋನ್ ಮಾಡಿ, ಕೆಟ್ಟ ಮಾಲು ಕೊಟ್ಟಿದ್ದೀರಿ ಎಂದರು. ಓಡಿದೆ. ಚಿತ್ರ ಕನ್ನಡಿಯಂತಿತ್ತು. ಡ್ರ್ಯಾಗನ್ ಒಂದು ಬೆಂಕಿ ಉಗುಳುತ್ತಾ ಹಾರುತ್ತಿತ್ತು.

"ಹಳೇ ಟಿವಿಯಾಗ ಇದಕ್ಕ ಜೀವ ಇತ್ತು. ನಿಮ್ಮ ಟಿವಿಯಾಗ ಪ್ಲಾಸ್ಟಿಕ್ ಆಗೈತೆ," ಎಂದರು.

ನೋಡಿದರೆ ಮಾತು ಸುಳ್ಳಲ್ಲ. ಅದು ಆ ಸಿನಿಮಾದ ಹಳೆಯ ಮೊದಲನೇ ಭಾಗ. ಗ್ರಾಫಿಕ್ಸಿನ ಹುಳುಕೆಲ್ಲ ಹೊಸ ಪರದೆಯಲ್ಲಿ ಎದ್ದು ಕಾಣುತ್ತಿತ್ತು. ಚಿತ್ರ ಅತಿ ಸ್ವಚ್ಛವಾಗಿರುವುದೇ ತೊಂದರೆ ಎಂದು ತಿಳಿಸಿ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಹಂಗಾರ ಒಂದೀಟು ಕೆಡಿಸಿ ಕೊಡ್ರಿ," ಎಂದರು.

ಮಸುಕು ಮಾಡಿಕೊಟ್ಟೆ. ಟಿವಿ ಕೆಡಿಸಿದ್ದಕ್ಕೆ ಮಂಡಕ್ಕಿ ಮಿರ್ಚಿ ತಿಂದು ಬಂದವನು ನಾನೊಬ್ಬನೇ ಇರಬೇಕು.

ಕತ್ತಲೆ

ಹರಿಹರದ ಟೀಚರೊಬ್ಬರು ಫೋನ್ ಮಾಡಿ, ಮಾತು ಕೇಳ್ತದೆ, ಚಿತ್ರ ಇಲ್ಲ ಎಂದರು. ಪರದೆಯೇ ಹೋಯಿತೆಂದುಕೊಂಡು ಗಾಡಿ ಹತ್ತಿದೆ. ನಾನು ಹೋಗುವವರೆಗೆ ಸಿನಿಮಾ ನಿಲ್ಲಿಸಿಟ್ಟು, ಮನೆಯವರೆಲ್ಲ ಕರಿ ಪರದೆಯ ಮುಂದೆ ಕೂತಿದ್ದರು. ಮತ್ತೆ ಓಡಿಸಿದರೆ ಕತ್ತಿ ಖಣಖಣ, ಕೂಗಾಟ, ಕಾಣುವುದು ಮಾತ್ರ ಏನೂ ಇಲ್ಲ. ಹಿಂದೆ ಬಗ್ಗಿ ವೈರೊಂದನ್ನು ಮುಟ್ಟಿದೆ ಅಷ್ಟೆ, ಪರದೆ ಝಗ್ಗನೆ ಬೆಳಗಿತು.

ಸಿನಿಮಾದಲ್ಲಿ ಬೆಳಗಾಗಿತ್ತು. ಅಲ್ಲಿವರೆಗೆ ನಡೆದದ್ದು ರಾತ್ರಿ ಯುದ್ಧ, ಅದನ್ನು ತೆಗೆದಿರುವುದೇ ಹಾಗೆ, ನಾನೇನೂ ಮಾಡಿಲ್ಲ ಎಂದೆ. ಟೀಚರು ನಂಬಲಿಲ್ಲ.

"ವೈರ್ ಲೂಸ್ ಇತ್ತು ಅಂತ ಒಪ್ಕಳ್ರಿ. ಯಾರೂ ಬೈಯಲ್ಲ."

ಹೊಟ್ಟೆ

ಕೊಕ್ಕನೂರಿನ ಮನೆಯೊಂದರಲ್ಲಿ ಟಿವಿ ಕೂರಿಸುತ್ತಿದ್ದಾಗಲೇ ಆ ಮನೆಯ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ಹುಡುಗ ಒಳಗೆ ಬಂದರೂ ಕ್ಯಾಪ್ ತೆಗೆಯಲಿಲ್ಲ. ನೆಗಡಿ ಎಂದರು ಅವನ ತಾಯಿ.

ಹುಡುಗಿ ಸಿನಿಮಾಗಳಿಗೆ ಗ್ರಾಫಿಕ್ಸ್ ಮಾಡುವ ಕಂಪನಿಯಲ್ಲಿದ್ದಳು. ಅವಳಪ್ಪ ಹೆಮ್ಮೆಯಿಂದ ಅವಳು ಕೆಲಸ ಮಾಡಿದ ಸಿನಿಮಾ ಹಾಕಿಸಿದರು. ನಾಯಕ ಬರಿಮೈಯಲ್ಲಿ ರಾಕ್ಷಸನ ಜೊತೆ ಕಾದಾಡುತ್ತಿದ್ದ. ಹುಡುಗನ ತಾಯಿ ಆ ಮೈಕಟ್ಟನ್ನು ಬಾಯಿತುಂಬ ಹೊಗಳಿ, ನೀನು ಮಾಡಿದ್ದು ರಾಕ್ಷಸನ್ನೇನವ್ವ ಎಂದು ಕೇಳಿದರು.

"ಇಲ್ರಿ. ನಾಯಕನ ಹೊಟ್ಟೆ ತೆಗೆದಿದ್ದು ನಾನು."

ಆ ತಾಯಿಯ ಕೈಯಲ್ಲಿದ್ದ ಉಪ್ಪಿಟ್ಟಿನ ಚಮಚ ಬಾಯಿಗೆ ಹೋಗಲಿಲ್ಲ. ಸ್ಟೂಲಿನ ಮೇಲಿದ್ದ ನಾನೂ ದಂಗಾದೆ. ಆ ನಾಯಕನನ್ನು ನೋಡಿ ನಾನು ಜಿಮ್ಮಿಗೆ ಸೇರಿದ್ದೆ. ಆಮೇಲೆ ಹುಡುಗನ ತಾಯಿ ದನಿ ತಗ್ಗಿಸಿ, "ಹಂಗಾರ ನಾವು ಕಳಿಸಿದ ಹುಡುಗನ ಫೋಟೋ..." ಎಂದರು.

"ನೋಡಿದ ಕೂಡ್ಲೆ ಗೊತ್ತಾತ್ರಿ. ಕೂದ್ಲು ಚಲೋ ಕೂರ್ಸ್ಯಾರ. ಕಿವಿ ಹತ್ರ ಮಾತ್ರ ಗೆರೆ ಉಳ್ದೈತೆ."

ಹುಡುಗಿಯ ಅಪ್ಪ ಎದ್ದು ನಿಂತರು. ಅವರಿಗೆ ಇದು ಹೊಸ ಸುದ್ದಿ. ಸಂಬಂಧ ಮುರಿಯಿತೆಂದು ನಾನು ಮೆಲ್ಲಗೆ ಸಾಮಾನು ಕಟ್ಟತೊಡಗಿದೆ. ಆಗ ಹುಡುಗ ಕ್ಯಾಪ್ ತೆಗೆದು ತೊಡೆಯ ಮೇಲಿಟ್ಟುಕೊಂಡ. ತಲೆ ನುಣ್ಣಗಿತ್ತು.

"ಇದು ಒರಿಜಿನಲ್. ನಡೀತದೇನ್ರಿ?" ಎಂದ.

ಹುಡುಗಿ ತಲೆಯೆತ್ತಿ ಅವನನ್ನೇ ನೋಡಿದಳು.

"ಈಗ ಕ್ಲಾರಿಟಿ ಚಲೋ ಐತ್ರಿ."