ಹಸಿರು ದಾರದ ಕೊಳಲು

ಗೋಕುಲಾಷ್ಟಮಿಯ ಬೆಳಿಗ್ಗೆ ಬದರಿನಾಥ ಕಾಫಿ ಕುಡಿದು, ಲೋಟ ಕೆಳಗಿಟ್ಟು ಸುಮ್ಮನೆ ಪೇಪರ್ ಓದಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಆತ ಬಾಯಿಬಿಟ್ಟ.

ಮೈಲಾಪೂರಿನ ಆ ಹಳೆಯ ಫ್ಲ್ಯಾಟುಗಳಲ್ಲಿ ಕನ್ನಡದ ಹೆಂಗಸರೆಲ್ಲ ಸೇರಿ ಒಂದು ಭಜನಾ ಮಂಡಳಿ ಮಾಡಿಕೊಂಡಿದ್ದರು. ಅದಕ್ಕೆ ಹಾರ್ಮೋನಿಯಂ ನುಡಿಸುತ್ತಿದ್ದ ಜಲಜಾ ಮಗಳ ಬಾಣಂತನಕ್ಕೆಂದು ಹಿಂದಿನ ದಿನವೇ ಕೊಯಮತ್ತೂರಿಗೆ ಹೊರಟುಹೋಗಿದ್ದಳು. ಸಂಜೆಯ ಭಜನೆ ಈ ಸಲ ಬದರಿನಾಥನ ಮನೆಯಲ್ಲಿ, ಅವನ ತಾಯಿ ಗೋದಾಬಾಯಿಯ ಯಜಮಾನಿಕೆಯಲ್ಲಿ. ಮೇಲಿನ ಮನೆಯ ಪ್ರೇಮಮ್ಮ ವಾಕಿಂಗ್ ಮುಗಿಸಿದವರೇ ಕ್ಯಾನ್ವಾಸ್ ಶೂ ಕೂಡ ಬಿಚ್ಚದೆ ಬಾಗಿಲಿಗೆ ಬಂದು, ಮುಹೂರ್ತದ ಹೊತ್ತಿಗೆ ಗಂಡೇ ಕಾಣೆಯಾದ ಮನೆಯವರ ಹಾಗೆ ನಿಂತಿದ್ದರು. ಅವರ ಹಿಂದೆ ಅವರ ಯಜಮಾನರು ಮಂಜುನಾಥಯ್ಯ, ತರಕಾರಿ ಚೀಲ ಹಿಡಿದುಕೊಂಡು.

"ಶ್ರುತಿ ಇಲ್ದೆ ಹೆಂಗ್ರೀ ಹಾಡೋದು ಗೋದಮ್ಮೋರೆ? ಹೋದ್ಸಲ ಜಲಜಾ ಬರೋದು ತಡವಾಗಿ, ನಾವೆಲ್ಲ ಒಬ್ಬೊಬ್ರು ಒಂದೊಂದು ದಿಕ್ಕಿಗೆ ಹೋಗಿ, ಮತ್ತೆ ಒಟ್ಟಿಗೆ ಸಿಕ್ಕಿದ್ದು ಮಂಗಳಾರತೀಲಿ!"

ಆಗ ಬದರಿನಾಥ ಪೇಪರಿನ ಹಿಂದಿನಿಂದ ಹೇಳಿದ: "ನಮ್ಮ ವಿದ್ಯಾ ಕೊಳಲು ನುಡಿಸ್ತಾ ಇದ್ದಳಲ್ಲ."

ಅಡುಗೆಮನೆಯಲ್ಲಿ ಚಕ್ಕುಲಿ ಒತ್ತುತ್ತಿದ್ದ ಅವನ ಹೆಂಡತಿ ಶ್ರೀವಿದ್ಯಾಳ ಕೈ ನಿಂತಿತು. ಎಣ್ಣೆಯೊಳಗಿದ್ದ ಅರ್ಧ ಚಕ್ಕುಲಿ ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಕೆಂಪಾಗುತ್ತಾ ಹೋಯಿತು.

ತುಮಕೂರಿನಲ್ಲಿ ಮದುವೆಯ ತನಕವೂ ಅವಳು ಕೊಳಲು ಕಲಿತಿದ್ದಳು. ಬಿಟ್ಟುಬಂದ ಕೊಳಲನ್ನು ಅವಳ ತಮ್ಮ ಕ್ರಿಕೆಟ್ಟಿನ ವಿಕೆಟ್ ಮಾಡಿ ಸೀಳಿಹಾಕಿದ್ದ. ಮದರಾಸಿನ ಈ ಮನೆಯಲ್ಲಿ ಯಾರೂ ನುಡಿಸಬೇಡ ಎಂದಿರಲಿಲ್ಲ, ನುಡಿಸು ಎಂದೂ ಅಂದಿರಲಿಲ್ಲ. ಅತ್ತೆ ಗೋದಾಬಾಯಿಯ ರಾಜ್ಯದಲ್ಲಿ ಒಮ್ಮೆ ನಡೆದದ್ದೆಲ್ಲ ಸಂಪ್ರದಾಯ, ಒಮ್ಮೆಯೂ ನಡೆಯದ್ದೆಲ್ಲ ಅಪಚಾರ. ಯಾವುದೋ ವರ್ಷ ಬೆಲ್ಲ ಸಾಲದೆ ಸಕ್ಕರೆ ಹಾಕಿ ಮಾಡಿದ ಪಾಯಸವನ್ನು ಈಗ ಪ್ರತಿ ಅಷ್ಟಮಿಗೂ ಸಕ್ಕರೆಯಲ್ಲೇ ಮಾಡಬೇಕಿತ್ತು. ಹಾಗಿರುವಾಗ ಇವತ್ತು ಒಂದೇ ಒಂದು ಸಲ ದೇವರ ಮುಂದೆ ಕೊಳಲು ನುಡಿಸಿಬಿಟ್ಟರೆ? ಇನ್ನು ಆಯುಷ್ಯಪೂರ್ತಿ ನುಡಿಸಲೇಬೇಕಾಗುತ್ತದೆ! ಶ್ರೀವಿದ್ಯಾ ಅತ್ತೆಯ ಉತ್ತರಕ್ಕೆ ಕಾದಳು.

"ಕೃಷ್ಣನ ದಿವಸ ಕೊಳಲು ಬೇಡಾಂತ ಹೇಳಕ್ಕಾಗತ್ತಾ?" ಎಂದರು ಗೋದಾಬಾಯಿ. ಮೂರು ತಲೆಮಾರಿನಿಂದ ಮದರಾಸಿನ ತಮಿಳಿನಲ್ಲಿ ನೆನೆದ ಕನ್ನಡ ಅವರದು. "ನುಡಿಸಲಿ. ಆದರೆ ಇದು ಮಡಿ ಮನೆ. ಇನ್ನೊಬ್ಬರ ಬಾಯಿ ತಾಗಿದ ವಸ್ತು ಕಂಡಿಪ್ಪಾ ಒಳಗೆ ಬರಕೂಡದು, ಆಮಾ."

ದೇವಸ್ಥಾನದ ಕೊಳದ ಹಿಂದಿನ ಬೀದಿಯಲ್ಲಿ ಬಾಬು ಎಂಬಾತನ ವಾದ್ಯದ ಅಂಗಡಿ. ಅಷ್ಟಮಿಯೆಂದು ಬಾಗಿಲ ತುಂಬ ಬಣ್ಣಬಣ್ಣದ ಆಟದ ಕೊಳಲು ನೇತುಹಾಕಿದ್ದ. ಶ್ರೀವಿದ್ಯಾ ಗಂಡನ ಜೊತೆ ಒಳಗೆ ಹೋಗಿ ಹೊಸ ಕೊಳಲುಗಳನ್ನು ಒಂದೊಂದಾಗಿ ಊದಿ ನೋಡಿದಳು. ಕೆಲವು ಕಿರುಚಿದವು, ಕೆಲವು ಮುನಿಸಿಕೊಂಡು ಸುಮ್ಮನಿದ್ದವು. 'ಹೊಸ ಬಿದಿರು ಹಸುಗೂಸು ಕಣಮ್ಮ, ಬರೀ ಅಳುತ್ತೆ. ಹತ್ತು ವರ್ಷ ಎಣ್ಣೆ ಕುಡಿದಿದ್ದು ಮಾತಾಡುತ್ತೆ' ಎನ್ನುತ್ತಿದ್ದ ಮೇಷ್ಟರ ನೆನಪಾಯಿತು.

"ಹಳೇದು ಇದೆಯಾ?" ಎಂದು ಕೇಳಿಬಿಟ್ಟಳು. ಅಂಗಡಿಯವರ ಹತ್ತಿರ ಅವಳು ತಾನಾಗಿ ಬಾಯಿ ತೆರೆದದ್ದನ್ನು ಬದರಿನಾಥ ನೋಡಿದ್ದು ಅದೇ ಮೊದಲು.

"ಏ ವಿದ್ಯಾ, ಅಮ್ಮ ಹೇಳಿದ್ದು ಮರೆತೆಯಾ? ಬಾಯಿ ತಾಗಿದ್ದು..."

"ನೋಡ್ತೀನಿ ಅಷ್ಟೇರೀ."

ಬಾಬು ಅಟ್ಟದಿಂದ ಹಳೆಯ ಪಂಚೆಯಲ್ಲಿ ಕಟ್ಟಿದ ಗಂಟು ಇಳಿಸಿದ. "ಪಾರುಂಗಮ್ಮಾ, ನಿಧಾನವಾ ಪಾರುಂಗ," ಎಂದು ನೋಡಲು ಬಿಟ್ಟ.

ಒಂದರ ಮೈಮೇಲೆ ಉಗುರು ಓಡಿಸಿದಳು; ಕೂದಲೆಳೆಯಷ್ಟು ಬಿರುಕು ತಾಗಿತು. ಇನ್ನೊಂದರ ತೂತುಗಳನ್ನು ಯಾರೋ ಭೀಮನ ಕೈಯಳತೆಗೆ ಕೊರೆದಿದ್ದರು, ಬೆರಳು ಎಟುಕಲೇ ಇಲ್ಲ. ಮತ್ತೊಂದು ಜೇನುತುಪ್ಪದ ಬಣ್ಣಕ್ಕೆ ತಿರುಗಿತ್ತು. ಎರಡು ತುದಿಗೂ ಹಸಿರು ದಾರ ಒತ್ತಾಗಿ ಸುತ್ತಿತ್ತು. ಮೂಗಿನ ಹತ್ತಿರ ತಂದರೆ ಎಳ್ಳೆಣ್ಣೆಯ ವಾಸನೆ. ತುಟಿಗಿಟ್ಟು ಊದಿದಳು. ಬರೀ ಗಾಳಿ. ಮತ್ತೆ ಊದಿದಳು. ಕಾರ್ಪೊರೇಷನ್ ನೀರು ಬರುವ ಮೊದಲು ನಲ್ಲಿ ಮಾಡುವ ಸದ್ದು. ಬದರಿನಾಥ ಅವಳು ತನಗೆ ಗುರುತಿಲ್ಲದವಳು ಎನ್ನುವಂತೆ ಬೀದಿಯ ಕಡೆ ತಿರುಗಿ ನಿಂತ.

ಆಗ ಅದು ನುಡಿಯಿತು.

ಒಂದೇ ಸ್ವರ. ಅವಳು ಊದಿದ್ದಲ್ಲ, ಯಾವಾಗಿನಿಂದಲೋ ಒಳಗೆ ಕಾದು ಕೂತಿದ್ದದ್ದು ತಾನಾಗಿ ಎದ್ದು ಬಂದಂತೆ. ಬೀದಿಯೇ ಸ್ತಬ್ಧವಾಯಿತು. ಆಟೋಗಳು ನಿಂತವು, ಸಿಟಿ ಬಸ್ಸು ನಿಂತಿತು, ಹಾರ್ನುಗಳು ಬಾಯಿ ಮುಚ್ಚಿದವು. ಸಿಗ್ನಲ್ ಬಿದ್ದಿತ್ತು ಅಷ್ಟೇ ಎಂದು ಬದರಿನಾಥ ಆಮೇಲೆ ಹೇಳಿದ. ಅವಳು ನಂಬಲಿಲ್ಲ.

"ಇದು... ನೀನೇನಾ?" ಎಂದ ಅವನು, ತಿರುಗಿ.

"ಯಾರದ್ದು ಇದು?" ಎಂದು ಶ್ರೀವಿದ್ಯಾ ಬಾಬುವನ್ನು ಕೇಳಿದಳು. ಯಾರೋ ಹಿರಿಯರಂತೆ. ಒಂದು ದಿನ ಬಂದು, ಕೊಳಲನ್ನು ಕಣ್ಣಿಗೊತ್ತಿಕೊಂಡು ಗಲ್ಲಾದ ಮೇಲಿಟ್ಟರಂತೆ. ದುಡ್ಡು ಕೊಟ್ಟರೆ ಬೇಡ ಎಂದರಂತೆ. ಹೆಸರು ಕೇಳಿದರೆ ಕೈ ಮುಗಿದು, 'ನಿಜವಾಗಿ ನುಡಿಸುವವರಿಗೆ ಕೊಡಿ' ಎಂದಷ್ಟೇ ಹೇಳಿ ಹೊರಟುಹೋದರಂತೆ.

ಅವಳು ಅದನ್ನೇ ಎತ್ತಿಕೊಂಡಳು.

ಮನೆಯ ಬಾಗಿಲಲ್ಲಿ ಲಾರಿ ನೀರಿನ ಕೊಡಗಳ ನಡುವೆ ಗೋದಾಬಾಯಿ ಕೋಟೆಯ ಕಾವಲಿನವರಂತೆ ನಿಂತಿದ್ದರು.

"ಹೊಸದು ತಾನೇ?"

ಸುಳ್ಳು ಹೇಳಲು ಶ್ರೀವಿದ್ಯಾಳಿಗೆ ಹಾಲಿನವನ ಎದುರೂ ಆಗುತ್ತಿರಲಿಲ್ಲ. "ಹಳೇದು ಅತ್ತೆ."

"ಯಾರದ್ದು?"

"ಗೊತ್ತಿಲ್ಲ."

"ಅಯ್ಯೋ ರಾಮಾ! ಯಾರ ಬಾಯಿಯದೂಂತಲೂ ಗೊತ್ತಿಲ್ಲ! ಬೆಳ್ಳಿ ಆದರೆ ತೊಳೀಬಹುದು. ಹಿತ್ತಾಳೆ ಆದರೆ ಹುಣಸೆಹಣ್ಣು ಹಾಕಿ ತಿಕ್ಕಬಹುದು. ಬಿದಿರಿನ ಎಂಜಲಿಗೆ ಏನು ಮಾಡೋದು? ಒಳಗೆ ತರಬೇಡ. ಇಡು ಅಲ್ಲೇ!"

ಅಲ್ಲೇ ಎಂದರೆ ಚಪ್ಪಲಿ ಸ್ಟ್ಯಾಂಡು. ಬೀದಿಯನ್ನೇ ನಿಲ್ಲಿಸಿದ ಕೊಳಲು ಬದರಿನಾಥನ ಬಾತ್‌ರೂಮ್ ಚಪ್ಪಲಿಯ ಪಕ್ಕ ಮಲಗಿತು.

ಗಲಾಟೆ ಕೇಳಿ ಎದುರು ಮನೆಯ ಗುಣವತಿ ಬಂದಳು. "ಸಿಂಪಲ್ ಮಾಮಿ. ಕುಕ್ಕರ್‌ನಲ್ಲಿಟ್ಟು ಮೂರು ವಿಸಿಲ್ ಬಿಡಿ. ನಮ್ಮ ಪಾಪುವಿನ ಫೀಡಿಂಗ್ ಬಾಟಲಿಗೆ ನಾನು ಹಾಗೇ ಮಾಡೋದು."

ಕುಕ್ಕರಿಗೆ ಗೋದಾಬಾಯಿ ಒಪ್ಪಲಿಲ್ಲ. ಅದರಲ್ಲಿ ದೇವರ ಅನ್ನ ಆಗಬೇಕು. ಕೊನೆಗೆ ಬಕೆಟ್ಟಿನಲ್ಲಿ ಅರಿಸಿನದ ನೀರು ಕಲಸಿ, ಸಂಜೆಯವರೆಗೆ ಮುಳುಗಿಸಿಡುವುದು ಎಂದಾಯಿತು. ಅಷ್ಟು ಹೊತ್ತು ನೀರಲ್ಲಿದ್ದರೆ ಬಿದಿರು ಉಬ್ಬಿ ಸೀಳುತ್ತದೆ. ಶ್ರೀವಿದ್ಯಾ ಚಪ್ಪಲಿ ಸ್ಟ್ಯಾಂಡಿಗೆ ಅಡ್ಡ ನಿಂತು, "ಬೇಡ ಅತ್ತೆ," ಎಂದಳು. ಹೇಳಿದ ಮೇಲೆ ತನ್ನ ದನಿ ಕೇಳಿ ತಾನೇ ಹೆದರಿದಳು.

ಆ ಹೊತ್ತಿಗೆ ಪ್ರೇಮಮ್ಮ ಇಳಿದುಬಂದರು. ಏನು ಎತ್ತ ವಿಚಾರಿಸಿದರು. ಬಾಬು ಹೇಳಿದ್ದನ್ನೆಲ್ಲ ಶ್ರೀವಿದ್ಯಾ ತೊದಲುತ್ತಾ ಒಪ್ಪಿಸಿದಳು. ಪ್ರೇಮಮ್ಮನ ಕಣ್ಣುಗಳು ಅಗಲವಾಗುತ್ತಾ ಹೋದವು.

"ದುಡ್ಡು ಬ್ಯಾಡ ಅಂದ್ರಾ? ಹೆಸ್ರೂ ಹೇಳ್ಲಿಲ್ವಾ? ಗೋದಮ್ಮೋರೆ, ಸಂಸಾರಸ್ಥ ಯಾವನಾದ್ರೂ ದುಡ್ಡು ಬ್ಯಾಡ ಅಂತಾನೇನ್ರೀ? ನಮ್ಮನೇವ್ರೂ ಇದಾರೆ, ಪುಕ್ಕಟೆ ಕರಿಬೇವು ಕೊಡೋ ತನಕ ತರಕಾರಿಯವನನ್ನ ಬಿಡಲ್ಲ. ಇವರು ಎಲ್ಲಾ ಬಿಟ್ಟೋರು ಕಣ್ರೀ! ಸಾಧುಗಳು!"

ಗೋದಾಬಾಯಿ ಕೈಯಲ್ಲಿದ್ದ ಅರಿಸಿನದ ಡಬ್ಬಿಯನ್ನು ಕೆಳಗಿಟ್ಟರು.

"ಹೌದೇನೇ ವಿದ್ಯಾ? ಸಾಧುಗಳೇನೇ?"

ಶ್ರೀವಿದ್ಯಾ ಬಕೆಟ್ ನೋಡಿದಳು. ಕೊಳಲು ನೋಡಿದಳು.

"ಹೂಂ," ಎಂದಳು.

ಗೋದಾಬಾಯಿ ಗಲ್ಲ ಗಲ್ಲ ಬಡಿದುಕೊಂಡರು. "ಚಪ್ಪಲಿ ಪಕ್ಕ ಇಡಿಸಿದೆನಲ್ಲೇ ಪಾಪಿ ನಾನು! ಮಹಾತ್ಮರ ಬಾಯಿಯದು ಎಂಜಲಾಗತ್ತಾ? ಪ್ರಸಾದ ಅದು, ಪ್ರಸಾದ!" ಓಡಿಹೋಗಿ ಮತ್ತೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಬಂದು, ತಮ್ಮ ಮದುವೆಯ ರೇಷ್ಮೆ ಶಲ್ಯದಲ್ಲಿ ಕೊಳಲನ್ನು ಎತ್ತಿಕೊಂಡರು. ತೊಟ್ಟಿಲ ಕೃಷ್ಣನ ಪಕ್ಕದಲ್ಲೇ ಅದಕ್ಕೆ ಜಾಗವಾಯಿತು.

ಶ್ರೀವಿದ್ಯಾ ಗೋಡೆಗೊರಗಿ ಉಸಿರುಬಿಟ್ಟಳು. ಗೆದ್ದಿದ್ದಳು. ಸಂಜೆ ಯಾವ ರಾಗ ನುಡಿಸಲಿ ಎಂದು ಚಕ್ಕುಲಿ ಒತ್ತುತ್ತಲೇ ಯೋಚಿಸಿದಳು.

ಅಷ್ಟರಲ್ಲಿ ಸುದ್ದಿ ಮಹಡಿ ಹತ್ತತೊಡಗಿತ್ತು. ಮೊದಲನೆಯ ಮಹಡಿಯಲ್ಲಿ ಸಾಧುಗಳು ಬದರಿಯಿಂದ ನಡೆದು ಬಂದವರಾದರು. ಎರಡನೆಯದರಲ್ಲಿ ಅವರಿಗೆ ನೂರು ದಾಟಿತು. ಸಂಜೆಯ ಹೊತ್ತಿಗೆ ಅವರು ಅಂಗಡಿಯಿಂದ ಹೊರಬಿದ್ದದ್ದನ್ನು ಯಾರೂ ನೋಡಿಯೇ ಇರಲಿಲ್ಲ, ಅಲ್ಲೇ ಮಾಯವಾಗಿದ್ದರು. ಕಾರ್ಪೊರೇಷನ್ ನೀರಿಗೂ ಅಷ್ಟು ದೊಡ್ಡ ಸಾಲು ನಿಂತಿರಲಿಲ್ಲ. ತೆಂಗಿನಕಾಯಿ, ಹೂವು, ಬೆಣ್ಣೆ. ದೀಪದ ಬೆಳಕಿನಲ್ಲಿ ರೇಷ್ಮೆಯ ಮೇಲೆ ಮಲಗಿದ್ದ ಕೊಳಲು ನಿಜಕ್ಕೂ ಈ ಲೋಕದ್ದಲ್ಲವೆಂಬಂತೆ ಹೊಳೆಯುತ್ತಿತ್ತು. ಒಂದು ಗಳಿಗೆ ಶ್ರೀವಿದ್ಯಾಳೇ ತನ್ನ 'ಹೂಂ' ನಿಜವಿದ್ದರೂ ಇರಬಹುದು ಎಂದುಕೊಂಡು ಕೈ ಮುಗಿದಳು.

"ಶುರು ಮಾಡಮ್ಮ ವಿದ್ಯಾ, ಶ್ರುತಿ ಕೊಡು," ಎಂದರು ಪ್ರೇಮಮ್ಮ.

ಶ್ರೀವಿದ್ಯಾ ಸೆರಗು ಸಿಕ್ಕಿಸಿ ಮುಂದೆ ಬಂದಳು. ಕೈ ಚಾಚಿದಳು. ಬೆರಳು ಹಸಿರು ದಾರಕ್ಕೆ ತಾಗುವುದರಲ್ಲಿತ್ತು.

"ಅಯ್ಯಯ್ಯೋ!" ಗೋದಾಬಾಯಿ ಕೂಗಿದ ರಭಸಕ್ಕೆ ತೊಟ್ಟಿಲೇ ತೂಗಿತು. "ಏನೇ ಮಾಡ್ತಿದ್ದೀ? ಮಹಾತ್ಮರು ನುಡಿಸಿದ್ದನ್ನ ನೀನು ಎಂಜಲು ಮಾಡ್ತೀಯಾ?"

ಎಲ್ಲರೂ 'ಹೌದಲ್ಲ' ಎಂದು ತಲೆಯಾಡಿಸಿದರು.

"ಅತ್ತೆ, ಹಾಗಾದರೆ ಬೇರೆ ಒಂದು ತಂದು..."

"ಇಂಥದ್ದು ಮನೆಯಲ್ಲಿ ಇರೋವಾಗ ಇದರ ಎದುರಿಗೆ ಇನ್ನೊಂದು ಊದೋದಾ? ಅಪಚಾರ! ಈ ತಾಳ ಹಿಡಿ, ಮೂಲೇಲಿ ಕೂತ್ಕೋ."

ಭಜನೆ ಶ್ರುತಿಯಿಲ್ಲದೆ ಹೊರಟು, ದಿಕ್ಕುದಿಕ್ಕಿಗೆ ಚದುರಿತು. ನಡುವೆ ಪ್ರೇಮಮ್ಮ ತಮ್ಮ ಯಜಮಾನರನ್ನು ತೋಳು ಹಿಡಿದು ಕರೆತಂದರು. "ನಮಸ್ಕಾರ ಮಾಡ್ರೀ. ತ್ಯಾಗ ಅಂದ್ರೆ ಏನೂಂತ ಸ್ವಲ್ಪ ನೋಡಿ ಕಲೀರಿ."

ಮಂಜುನಾಥಯ್ಯ ಬಗ್ಗಿ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಆಮೇಲೆ ಉದ್ದಕ್ಕೆ ಅಡ್ಡಬಿದ್ದವರು ಎಷ್ಟು ಹೊತ್ತಾದರೂ ಏಳಲಿಲ್ಲ. ಎದ್ದಾಗ ಕಣ್ಣು ತುಂಬಿತ್ತು. "ಎಂಥಾ ಭಕ್ತಿ!" ಎಂದಳು ಗುಣವತಿ. ಅವರ ಕೈಗೆ ಜಾಗಟೆ ಕೊಟ್ಟು ಶ್ರೀವಿದ್ಯಾಳ ಪಕ್ಕದಲ್ಲಿ ಕೂರಿಸಿದರು.

ಹಾಡಿನ ಗದ್ದಲದಲ್ಲಿ ಅವರು ಅವಳ ಕಡೆ ಬಾಗಿದರು. "ಆ ಹಸಿರು ದಾರ ನಮ್ಮವಳ ಹೊಲಿಗೆ ಡಬ್ಬೀದಮ್ಮ."

ಶ್ರೀವಿದ್ಯಾಳ ತಾಳ ತಪ್ಪಿತು. "ಅಂಕಲ್?"

"ಸಣ್ಣವನಿದ್ದಾಗ ಕಲ್ತಿದ್ದೆ. ರಿಟೈರ್ ಆದ್ಮೇಲೆ ವಾಕಿಂಗ್ ಅಂತ ಹೇಳಿ, ಪಾರ್ಕಿನ ಮೂಲೇಲಿ ಕೂತು ಊದ್ಕೋತಿದ್ದೆ. ಆಮೇಲೆ ಅವಳಿಗೂ ಶುಗರ್ ಬಂತು." ಅವರು ನಿಟ್ಟುಸಿರುಬಿಟ್ಟರು. "ಅವಳೂ ವಾಕಿಂಗಿಗೆ ಬರೋಕೆ ಶುರು ಮಾಡಿದ್ಲು."

"ದುಡ್ಡು ಯಾಕೆ ಬೇಡ ಅಂದ್ರಿ?"

"ಜೇಬಲ್ಲಿ ಸಿಕ್ರೆ ಎಲ್ಲಿಂದ ಬಂತು ಅಂತ ಕೇಳ್ತಾಳಲ್ಲ! ಹೇಳ್ಬೇಡ ತಾಯಿ. ಈಗ ಹೇಳಿದ್ರೆ ನಿಮ್ಮತ್ತೆ ಅದನ್ನ ಬೀದಿಗೆಸೀತಾರೆ, ನಮ್ಮವಳು ನನ್ನನ್ನ." ಜಾಗಟೆಗೆ ಒಂದೇಟು ಹಾಕಿ ಕೇಳಿದರು, "ಅಂಗಡೀಲಿ ಊದಿದ್ಯಾ? ಹೆಂಗಿತ್ತು?"

"ಬೀದಿ ನಿಂತುಬಿಡ್ತು ಅಂಕಲ್."

ಅವರು ಕಣ್ಣು ಮುಚ್ಚಿ ತಲೆದೂಗಿದರು. ಜಾಗಟೆಯ ಅಂಚಿನ ಮೇಲೆ ಅವರ ಬೆರಳುಗಳು ತೂತುಗಳನ್ನು ಮುಚ್ಚಿ ತೆರೆಯುವ ಹಾಗೆ ಆಡುತ್ತಿದ್ದವು. ಶ್ರೀವಿದ್ಯಾ ತನ್ನ ಬೆರಳುಗಳನ್ನು ನೋಡಿಕೊಂಡಳು. ತಾಳದ ಮೇಲೆ ಅವೂ ಹಾಗೇ ಆಡುತ್ತಿದ್ದವು.

"ಏನ್ರೀ ಅದು ಗುಸುಗುಸು? ಬಾರಿಸ್ರೀ!" ಎಂದರು ಪ್ರೇಮಮ್ಮ.

ಮಂಗಳಾರತಿಯಾಯಿತು. ಗೋದಾಬಾಯಿ ಎಲ್ಲರಿಗೂ ಸಕ್ಕರೆ ಪಾಯಸ ಬಡಿಸಿ, ಕೊಳಲನ್ನು ರೇಷ್ಮೆಯಲ್ಲಿ ಸುತ್ತಿ ದೇವರ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಇಡೀ ಮಂಡಳಿಗೆ ಕೇಳುವಂತೆ ಹೇಳಿದರು:

"ಈ ವರ್ಷ ಎಷ್ಟು ಲಕ್ಷಣವಾಗಿ ನಡೀತು ನೋಡಿ. ಇನ್ನು ಪ್ರತಿ ಅಷ್ಟಮಿಗೂ ಇದೇ ಸಂಪ್ರದಾಯ. ಕೊಳಲು ತೊಟ್ಟಿಲಲ್ಲಿ, ಮಂಜುನಾಥಯ್ಯನವರು ಜಾಗಟೆ, ನಮ್ಮ ವಿದ್ಯಾ ತಾಳ."