ಆನೆ ನಿಮ್ಮ ಸ್ವಂತದ್ದಾ?

ಮನೆ ವಿಮೆಯ ಕಾಗದದಲ್ಲಿ ಏನು ಬರೆದಿದೆ ಎಂದು ಹೇಳುವುದರಲ್ಲಿ ಚಾಮರಾಜನಗರದಲ್ಲಿ ನನ್ನನ್ನು ಮೀರಿಸುವವರಿಲ್ಲ. ಆದರೆ ಅದರಲ್ಲಿ ಬರೆಯದೆ ಇರುವುದೆಲ್ಲ ನಮ್ಮ ಜಿಲ್ಲೆಯ ಮನೆಗಳಲ್ಲಿ ನಡೆಯುತ್ತಲೇ ಇರುತ್ತದೆ. ಹಾನಿಯಾದ ಮನೆಗೆ ಹೋಗಿ, ನೋಡಿ, ಅಳೆದು, ವರದಿ ಬರೆಯುವ ಸರ್ವೇಯರ್ ನಾನು.

ಕಾಯಿ ಯಾರದು?

ಚಂದಕವಾಡಿಯಲ್ಲಿ ಪಕ್ಕದ ಮನೆಯವರ ತೆಂಗಿನಮರ ಗಾಳಿಗೆ ಉರುಳಿ ಒಬ್ಬರ ಹೆಂಚಿನ ಮೇಲೆ ಬಿದ್ದಿತ್ತು.

"ಮರ ಅವ್ರದು, ಹೆಂಚು ನಮ್ದು. ಕಾಯಿ ಯಾರ್ದು ಸಾ?" ಎಂದು ಯಜಮಾನರು ಕೇಳಿದರು.

ಮರ ಯಾರದೋ ಕಾಯಿಯೂ ಅವರದೇ, ಒಂದನ್ನೂ ಮುಟ್ಟಬೇಡಿ ಎಂದು ಗಟ್ಟಿಯಾಗಿ ಹೇಳಿದೆ. ಬಿಸಿಲಲ್ಲಿ ಅಳೆದು ಕೆಳಗಿಳಿದಾಗ ಮನೆಯಾಕೆ ಎಳನೀರು ಕೊಟ್ಟರು. ಎರಡು ಕುಡಿದೆ. ಮೂರನೆಯದನ್ನು ಎತ್ತುವ ಹೊತ್ತಿಗೆ ಪಕ್ಕದ ಮನೆಯವರು ಬೇಲಿ ಹತ್ತಿರ ಬಂದು, "ಏನಂದ್ರು ಸಾಹೇಬ್ರು?" ಅಂದರು.

ಯಜಮಾನರು ನನಗಿಂತ ಮೊದಲೇ ಉತ್ತರ ಕೊಟ್ಟರು: "ಕಾಯೆಲ್ಲ ನಿಮ್ದೇ ಅಂತೆ ಕಣಣ್ಣ. ಅವ್ರು ಕುಡ್ದಿರದೂ ಸೇರಿ."

ಗೋಡೆಯ ಈಚೆ

ಅಣ್ಣ ತಮ್ಮ ಒಂದೇ ಮನೆಗೆ ನಡುಗೋಡೆ ಹಾಕಿಕೊಂಡು ಬೇರೆಯಾಗಿದ್ದರು. ವಿಮೆ ಮಾಡಿಸಿದ್ದು ಅಣ್ಣ, ತನ್ನ ಭಾಗಕ್ಕೆ ಮಾತ್ರ. ಬೆಂಕಿ ಬಿದ್ದದ್ದು ತಮ್ಮನ ಅಡುಗೆಮನೆಗೆ. ವಿಮೆ ಗೋಡೆ ದಾಟುವುದಿಲ್ಲ ಎಂದು ವಿವರಿಸಿದೆ. ಅಣ್ಣನಿಗೆ ತಮ್ಮನ ಮೇಲೆ ಸಿಟ್ಟು ಬಂತು.

"ವರ್ಷ ವರ್ಷ ಕಂತು ಕಟ್ಕೊಂಡು ಬಂದೋನು ನಾನು. ಬೆಂಕಿ ಇನ್ನೇನು ನಮ್ ಕಡೀಕೆ ಬರದ್ರಲ್ಲಿತ್ತು, ಅಷ್ಟ್ರಲ್ಲಿ ಇವ್ನು ನೀರುಯ್ದು ಆರಿಸ್ಬುಟ್ಟ ಸಾ."

ಹಲಸಿಗೆ ಬಂದದ್ದು

ಗುಂಡ್ಲುಪೇಟೆಯ ಆಚೆ, ಮದ್ದೂರಿನ ಕಾಡಂಚಿನಲ್ಲಿ ಶಾಲೆಯ ಬಿಸಿಯೂಟ ಮಾಡುವ ಒಬ್ಬ ತಾಯಿ ಇದ್ದಾರೆ. ಹಿತ್ತಲ ಹಲಸಿಗೆ ಬಂದ ಆನೆ ಅವರ ಅಡುಗೆಮನೆಯ ಗೋಡೆ ಕೆಡವಿತ್ತು. ಗುರುವಾರ ಬರುತ್ತೇನೆ ಎಂದು ಫೋನಿನಲ್ಲಿ ಹೇಳಿದೆ. ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡಿ ಅನ್ನುವುದನ್ನು ಮಾತ್ರ ಮರೆತೆ.

ಹೋಗಿ ನೋಡಿದರೆ ಗೋಡೆ ಎದ್ದು ನಿಂತಿದೆ. ಸುಣ್ಣ ಬಳಿದಿದೆ. ಬಾಗಿಲಲ್ಲಿ ರಂಗೋಲಿ.

"ಬಿದ್ದ ಗೋಡೆ ಎಲ್ಲಮ್ಮ?"

"ದೊಡ್ಡೋರು ಮನೆಗೆ ಬತ್ತಾವ್ರೆ ಅಂದ್ರೆ ಬಿದ್ದೋಗಿರೋ ಗೋಡೆ ತೋರ್ಸಕ್ಕಾದದಾ ಸಾ? ಮಾನ ಓಗಲ್ವಾ?"

ಮಗಳ ನರ್ಸಿಂಗ್ ಕಾಲೇಜಿಗೆ ಕೂಡಿಟ್ಟದ್ದೆಲ್ಲ ಆ ಗೋಡೆಗೆ ಹೋಗಿತ್ತು. ಹಾನಿಯೇ ಕಾಣದಿದ್ದರೆ ನಾನು ವರದಿಯಲ್ಲಿ ಏನು ಬರೆಯಲಿ? ಮಗಳು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ತಪ್ಪು ನನ್ನದು, ನಿಜಕ್ಕೂ ಸಂಕಟವಾಯಿತು.

ಕೈ ತೊಳೆಯಲು ಹಿತ್ತಲಿಗೆ ಹೋದೆ. ನೀರಿನ ತೊಟ್ಟಿಯ ಮೇಲೆ ತಗಡಿನ ಮುಚ್ಚಳ, ಅದರ ನಡುವೆ ಮೊರದಗಲದ ದುಂಡನೆಯ ಹೆಜ್ಜೆ.

"ಇದೇನಮ್ಮ?"

"ನಮ್ ಡ್ರಮ್ಮು ಸಾ. ಆನೆ ತುಳ್ದು ಚಪ್ಪಟೆ ಮಾಡ್ಬುಡ್ತು. ಎಸೆಯದ್ಯಾಕೆ ಅಂತ ತೊಟ್ಟಿಗೆ ಮುಚ್ಚಿವ್ನಿ."

ಹತ್ತು ಫೋಟೊ ತೆಗೆದೆ. ಇನ್ನು ಫಾರಂ. ಪ್ರಾಣಿ ಗುದ್ದಿ ಮನೆ ಹಾಳಾದರೆ ಪರಿಹಾರ ಉಂಟು, ಆದರೆ ಆ ಪ್ರಾಣಿ ಮನೆಯವರದ್ದಾಗಿರಬಾರದು. ಆ ಪ್ರಶ್ನೆ ಬಿಡುವಂತಿಲ್ಲ.

"ಆನೆ ನಿಮ್ಮ ಸ್ವಂತದ್ದಾ?"

"ನಂದಾಗಿದ್ರೆ ದಸರಾಕೆ ಕಳುಸ್ತಿರ್ನಿಲ್ವಾ ಸಾ?"

'ಅಲ್ಲ' ಎಂದು ಬರೆದೆ. ಹದಿನೈದು ದಿನಕ್ಕೆ ಮೈಸೂರಿನ ಮೇಲಿನ ಕಚೇರಿಯಿಂದ ಪತ್ರ ಬಂತು: ಗೋಡೆ ಕೆಡವಿದ್ದು ಆನೆಯೇ ಎನ್ನುವುದಕ್ಕೆ ಸಹಿ ಇರುವ ದಾಖಲೆ ಬೇಕು. ಸಂಕೋಚದಿಂದಲೇ ಆ ತಾಯಿಗೆ ಫೋನ್ ಮಾಡಿ ಓದಿ ಹೇಳಿದೆ.

"ಸಯಿ ಆಕಕ್ಕೆ ಅದೇನ್ ಇಸ್ಕೂಲ್ಗೋಗಿದ್ದದಾ ಸಾ? ಡ್ರಮ್ಮಿನ ಮ್ಯಾಲೆ ಹೆಬ್ಬೆಟ್ಟು ಒತ್ತಿದ್ದದಲ್ಲ, ಅದ್ನೇ ಕಳ್ಸಿ."

ಫೋಟೊ ಆಗಲೇ ಹೋಗಿತ್ತು. ಈ ಸಲ ಡ್ರಮ್ಮನ್ನೇ ತರಿಸಿ, ಮೈಸೂರು ಬಸ್ಸಿಗೆ ಹಾಕಿ ಕಳಿಸಿದೆ. ವಾರದೊಳಗೆ ಕ್ಲೇಮು ಪಾಸಾಯಿತು.

ಮಗಳ ಫೀಸು ಕಟ್ಟಿದ ದಿನ ಆ ತಾಯಿ ಫೋನ್ ಮಾಡಿದರು. "ನಿಮ್ಮಿಂದ ಉಪಕಾರ ಆಯ್ತು ಸಾ," ಅಂದರು. ನಾನು ಉಬ್ಬಿಹೋದೆ. ಆಮೇಲೆ ಮೆಲ್ಲಗೆ ಕೇಳಿದರು: "ತೊಟ್ಟಿ ಮುಚ್ಚಳ ಯಾವಾಗ್ ಬತ್ತದೆ?"